ಪ್ರತಿಕ್ರಿಯೆ: ಅಪ್‌ಡೇಟ್ ನಂತರ ತಡವಾಗಿ ಬರುವ ನೋಟಿಫಿಕೇಶನ್
ಆಂಡ್ರಾಯ್ಡ್ ಅಪ್‌ಡೇಟ್ ಆದ ಮೇಲೆ, ಆ್ಯಪ್ ತೆರೆದಾಗ ಮಾತ್ರ ಸಂದೇಶಗಳೆಲ್ಲ ಒಟ್ಟಿಗೆ ಬರುತ್ತಿವೆ ಎಂದರೆ, ಬಹುಮಟ್ಟಿಗೆ ಕಾರಣ ಬ್ಯಾಟರಿ ಉಳಿತಾಯದ ನಿರ್ಬಂಧವೇ ಹೊರತು ನಿಮ್ಮ ನೆಟ್‌ವರ್ಕ್ ಅಲ್ಲ. 2015ರ ಆಂಡ್ರಾಯ್ಡ್ 6ರಿಂದಲೂ, ಪರದೆ ಆರಿ ಅಲುಗಾಡದೆ ಬಿದ್ದಿರುವ ಫೋನು ಆ್ಯಪ್‌ಗಳ ಹಿನ್ನೆಲೆ ಕೆಲಸವನ್ನು ತಡೆಹಿಡಿಯುತ್ತದೆ. ಕೆಲವು ತಯಾರಕರು ಇದರ ಮೇಲೆ ತಮ್ಮದೇ ಕಟ್ಟುನಿಟ್ಟನ್ನೂ ಹೇರುತ್ತಾರೆ, ಬಳಕೆದಾರರನ್ನು ಕೇಳದೆ ಹೀಗೆ ಮಾಡುವುದು ನನಗಂತೂ ಸರಿಯೆನಿಸುವುದಿಲ್ಲ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಪುಟಕ್ಕೆ ಹೋಗಿ, ಬ್ಯಾಟರಿ ವಿಭಾಗದಲ್ಲಿ ನಿರ್ಬಂಧವಿಲ್ಲದ ಆಯ್ಕೆಯನ್ನು ಗುರುತಿಸಿ. ಅದರ ಹೆಸರು ಫೋನಿನಿಂದ ಫೋನಿಗೆ ತುಸು ಬದಲಾಗಬಹುದು. ಬಳಿಕ ಮೊಬೈಲ್ ಡೇಟಾ ವಿಭಾಗದಲ್ಲಿ ಹಿನ್ನೆಲೆ ಡೇಟಾಗೆ ಅನುಮತಿಯಿದೆಯೇ ಎಂದು ನೋಡಿ, ಫೋನನ್ನು ರೀಸ್ಟಾರ್ಟ್ ಮಾಡಿ. ಎಲ್ಲ ಆ್ಯಪ್‌ಗಳಿಗೂ ಈ ವಿನಾಯಿತಿ ಕೊಟ್ಟರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ತುರ್ತು ಸಂದೇಶ ಬರುವ ಒಂದೆರಡಕ್ಕೆ ಕೊಟ್ಟರೆ ಸಾಕು.