ಪುನರ್‌ನಿರ್ಮಾಣದ ಅಧ್ಯಾಯ ಬಿಟ್ಟು ಓದಬಹುದೇ?

ಪ್ರಶ್ನೆ: ನಾನು ಇತಿಹಾಸ ಎಂ.ಎ. ವಿದ್ಯಾರ್ಥಿನಿ. ಈ ಸೆಮಿಸ್ಟರ್‌ಗೆ 1865ರಿಂದ ಇಂದಿನವರೆಗಿನ ಅಮೆರಿಕದ ಇತಿಹಾಸ ಇದೆ. ಅಧ್ಯಕ್ಷರು, ತಿದ್ದುಪಡಿಗಳು, ಯುದ್ಧಗಳು ಎಲ್ಲ ತಲೆಯಲ್ಲಿ ಕಲಸಿಹೋಗಿವೆ. ಶುರುವಿನ ಪುನರ್‌ನಿರ್ಮಾಣದ ಅಧ್ಯಾಯ ಬಿಟ್ಟು ಸೀದಾ 20ನೇ ಶತಮಾನಕ್ಕೆ ಹೋಗಲೇ?
– ಓದುಗರು, ಧಾರವಾಡ

ಉತ್ತರ: ದಯವಿಟ್ಟು ಬಿಡಬೇಡಿ. ಬೇಕಿದ್ದರೆ ಅಧ್ಯಕ್ಷರ ಪಟ್ಟಿ ಬಿಡಿ. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಸೋತ ದಕ್ಷಿಣದ ರಾಜ್ಯಗಳನ್ನು ಮತ್ತೆ ಕಟ್ಟಲು ಹೊರಟ 1865ರಿಂದ 1877ರವರೆಗಿನ ಆ ಕಾಲ ಗೊತ್ತಾಗದಿದ್ದರೆ ಮುಂದಿನ ನೂರು ವರ್ಷದ ಹೋರಾಟ ಯಾಕಾಗಿ ಅಂತಲೇ ತಿಳಿಯುವುದಿಲ್ಲ. ಒಂದೇ ಪ್ರಶ್ನೆ ಇಟ್ಟುಕೊಂಡು ಓದಿ: ದಕ್ಷಿಣದ ಕಪ್ಪು ಜನರಿಗೆ ಮತ ಯಾವಾಗ ಸಿಕ್ಕಿತು, ಹೇಗೆ ಹೋಯಿತು?

ದಕ್ಷಿಣದ ಮಿಸಿಸಿಪ್ಪಿ ರಾಜ್ಯವನ್ನೇ ನೋಡಿ. 1870ರಲ್ಲಿ 15ನೇ ತಿದ್ದುಪಡಿ ಬಂತು, ಜನಾಂಗದ ಕಾರಣ ಕೊಟ್ಟು ಮತದ ಹಕ್ಕು ತಪ್ಪಿಸುವಂತಿಲ್ಲ ಎಂದಿತು (ಹೆಂಗಸರಿಗೆ ಆಗಿನ್ನೂ ಹಕ್ಕಿರಲಿಲ್ಲ). ಅದೇ ವರ್ಷ ಅಲ್ಲಿಂದ ಹೈರಮ್ ರೆವೆಲ್ಸ್ ದೇಶದ ಮೊದಲ ಕಪ್ಪು ಸೆನೆಟರ್ ಆದರು. 1875ರಲ್ಲಿ ಅಲ್ಲಿಂದಲೇ ಬ್ಲಾಂಚ್ ಬ್ರೂಸ್ ಸೆನೆಟ್‌ಗೆ ಹೋದರು, ಅವರು ಹುಟ್ಟುವಾಗ ಗುಲಾಮ. ಅವರ ಅವಧಿ ಮುಗಿದದ್ದು 1881ರಲ್ಲಿ. ಇಡೀ ದೇಶದಲ್ಲಿ ಮುಂದಿನ ಕಪ್ಪು ಸೆನೆಟರ್, ಮ್ಯಾಸಚೂಸೆಟ್ಸ್‌ನ ಎಡ್ವರ್ಡ್ ಬ್ರೂಕ್, ಬಂದು ಕೂತದ್ದು 1967ರಲ್ಲಿ!

ಈ 86 ವರ್ಷವೂ ಆ ತಿದ್ದುಪಡಿ ದೇಶದ ಸಂವಿಧಾನದಲ್ಲಿ ಹಾಗೇ ಇತ್ತು, ಅದನ್ನು ಗಮನಿಸಬೇಕು. ಕಪ್ಪು ಮತದಾರರ ಕೊಲೆ, ಅವರಿಗೆ ಬೆದರಿಕೆ ಮೊದಲೇ ನಡೆದಿದ್ದವು. 1877ರಲ್ಲಿ ಕೇಂದ್ರದ ಸೇನೆ ಹಿಂದೆ ಸರಿದ ಮೇಲೆ ಕಾಯುವವರೇ ಇಲ್ಲವಾಯಿತು. ಆಮೇಲೆ 1890ರಲ್ಲಿ ಮಿಸಿಸಿಪ್ಪಿ ತನ್ನ ಹೊಸ ಸಂವಿಧಾನದಲ್ಲಿ ಮತದಾರರಿಗೆ ತಲೆಗಂದಾಯ ಹಾಕಿತು, ಜೊತೆಗೆ ಸಂವಿಧಾನದ ಯಾವುದಾದರೂ ಭಾಗ ಓದಬೇಕು, ಇಲ್ಲ ಓದಿ ಹೇಳಿದ್ದಕ್ಕೆ ಅರ್ಥ ಹೇಳಬೇಕು ಎಂದಿತು. ಪಾಸೋ ಫೇಲೋ ಎನ್ನುವುದು ನೋಂದಣಿ ಮಾಡುವ ಬಿಳಿಯ ಅಧಿಕಾರಿಯ ಕೈಯಲ್ಲಿ. ಬಣ್ಣದ ಮಾತೇ ಎತ್ತದೆ ಒಂದು ಜನಾಂಗವನ್ನೇ ಪಟ್ಟಿಯಿಂದ ಹೊರಗಿಟ್ಟರು. ನನಗಂತೂ ಈ ಭಾಗ ಓದುವಾಗ ಇವತ್ತಿಗೂ ಸಿಟ್ಟು ಬರುತ್ತದೆ.

ಇದನ್ನು ಮುರಿಯಲು 1965ರ ಮತದಾನ ಹಕ್ಕು ಕಾಯ್ದೆ ಬೇಕಾಯಿತು. ಅದರ ಹಿಂದೆ ಅಲಬಾಮಾ ರಾಜ್ಯದ ಸೆಲ್ಮಾ ಊರಲ್ಲಿ ಮತದ ಹಕ್ಕಿಗಾಗಿ ಮೆರವಣಿಗೆ ಹೊರಟು ಏಟು ತಿಂದವರಿದ್ದಾರೆ. ಇಂಥ ರಾಜ್ಯಗಳು ಚುನಾವಣಾ ನಿಯಮ ಬದಲಿಸಲು ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. ಯಾವ ರಾಜ್ಯಗಳು ಎಂದು ಗುರುತಿಸುವ ಸೂತ್ರವನ್ನು 2013ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ನಿಮ್ಮ ಸಿಲಬಸ್‌ನ 'ಇಂದಿನವರೆಗೆ' ಅಂದರೆ ಇದೇ ಅಲ್ವಾ?

ಅದೇ 1965ರಲ್ಲೇ ವಲಸೆ ಕಾನೂನೂ ಬದಲಾಯಿತು. ಅದಕ್ಕೆ ಮೊದಲು ಭಾರತಕ್ಕಿದ್ದ ಕೋಟಾ ವರ್ಷಕ್ಕೆ ಸುಮಾರು 100 ಜನ. ನಮ್ಮ ಕನ್ನಡಿಗರು ಅಷ್ಟು ಜಾಸ್ತಿ ಸಂಖ್ಯೆಯಲ್ಲಿ ಅಲ್ಲಿ ನೆಲೆಸಲು ಆದದ್ದು ಆ ಬದಲಾವಣೆಯ ನಂತರ.

ಓದಲು ಒಂದು ದಾರಿ ಹೇಳುತ್ತೇನೆ. ಹಿಂದೆ ಗುಲಾಮರಾಗಿದ್ದವರ 2,300ಕ್ಕೂ ಹೆಚ್ಚು ಸಂದರ್ಶನಗಳು ಲೈಬ್ರರಿ ಆಫ್ ಕಾಂಗ್ರೆಸ್ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. 1930ರ ದಶಕದಲ್ಲಿ ಬರೆದುಕೊಂಡವು. ಕೇಳಿದವರು ಹೆಚ್ಚಿನವರು ಬಿಳಿಯರು, ಹೇಳಿದವರು ವಯಸ್ಸಾದ ಬಡವರು, ಹಾಗಾಗಿ ಅವರು ಏನು ನುಂಗಿಕೊಂಡಿರಬಹುದು ಅಂತಲೂ ಯೋಚಿಸುತ್ತಾ ಓದಿ. ಮೊದಲು ಅಂಥ ಕೆಲವನ್ನು ಓದಿ, ಆಮೇಲೆ ಪಠ್ಯಪುಸ್ತಕ ತೆಗೆಯಿರಿ.