ಮೊದಲು ಕಿವಿ, ಆಮೇಲೆ ಮೈಕ್

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಪಡೆದ ನಿಮ್ಮ ವಿದ್ಯಾರ್ಥಿಗಳು ಉಪಗ್ರಹದ ಮೂಲಕ ಮಾತಾಡುವುದೆಂದರೆ ಹಿಂಜರಿಯುತ್ತಾರೆ, ದುಬಾರಿ ಆಂಟೆನಾ ಕೊಡಿಸಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಅಳತೆ ಟೇಪಿನ ಪಟ್ಟಿಯಿಂದ ಅವರೇ ಮಾಡಿಕೊಂಡ, ಒಂದೇ ದಿಕ್ಕಿಗೆ ಗುರಿಯಿಡುವ ಯಾಗಿ ಆಂಟೆನಾ ಸಾಕು. ಮೊದಲು ಬರೀ ಕೇಳಲಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ (ಬಂದ ದನಿಯನ್ನು ಹಿಡಿದು ಮರುಪ್ರಸಾರ ಮಾಡುವ ಸಾಧನ) ಚಾಲನೆಯಲ್ಲಿದ್ದಾಗ 437.800 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ನಿಲ್ದಾಣದ ವೇಗದಿಂದ ಆವರ್ತನ ಬದಲಾದಂತೆ ಕಾಣುವ ಡಾಪ್ಲರ್ ಪರಿಣಾಮದಿಂದಾಗಿ, ಅದು ಉದಯಿಸುವಾಗ 437.810ರಲ್ಲಿ ಹಿಡಿದು, ಮುಳುಗುವ ಹೊತ್ತಿಗೆ 437.790ಕ್ಕೆ ಇಳಿಯಬೇಕು. ಪ್ರಸಾರಕ್ಕೆ 145.990, ಜೊತೆಗೆ ರಿಪೀಟರ್ ತೆರೆಯಲು 67 ಹರ್ಟ್ಸ್ ಟೋನ್. ತಮ್ಮ ದನಿ ಮರಳಿ ಬರುತ್ತಿದೆಯೇ ಎಂದು ಇನ್ನೊಂದು ರೇಡಿಯೊಗೆ ಹೆಡ್‌ಫೋನ್ ಹಾಕಿ ಗಮನಿಸಲಿ. ಏನೂ ಕೇಳಿಸದೆ ಕೂಗುವವರದೇ ಎಲ್ಲರಿಗೂ ಕಾಟ! ಕರೆಸಂಕೇತ ಮತ್ತು ಗ್ರಿಡ್ ಎಂಬ ಸ್ಥಳಸಂಕೇತ (ಬೆಂಗಳೂರಾದರೆ ಎಂಕೆ82) ವಿನಿಮಯವಾದರೆ ಸಂಪರ್ಕ ಮುಗಿಯಿತು. ನಿಲ್ದಾಣ ಒಮ್ಮೆ ಹಾದುಹೋಗುವಾಗ ಸಿಗುವುದು ಸುಮಾರು ಹತ್ತು ನಿಮಿಷ. ಮೊದಲ ಸಲ ಆಂಟೆನಾ ನೀವು ಹಿಡಿಯಿರಿ, ಮೈಕ್ ಅವರಿಗೆ ಕೊಡಿ.