ಕಚ್ಚದಿದ್ದರೂ ಕೈ ತುರಿಕೆ: ಕಾರಣ ಜೇನಿನ ವಿಷ ಇರಲಿಕ್ಕಿಲ್ಲ

ಒಂದೂ ಹುಳ ಕಚ್ಚದಿದ್ದರೂ ಜೇನು ಪೆಟ್ಟಿಗೆ ಬಿಚ್ಚಿದ ಮಾರನೇ ದಿನ ಬೆರಳ ಸಂದಿ ಕೆಂಪಾಗಿ ತುರಿಸುತ್ತದೆ, ಇದು ವಿಷದ ಅಲರ್ಜಿಯಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ವಿಷದ್ದಾದರೆ ಕಚ್ಚಿದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದು, ತುಟಿ ಊತ, ಉಸಿರಾಟದ ತೊಂದರೆ. ಹಾಗೇನಾದರೂ ಆದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಓಡಿ.

ನಿಮ್ಮದು ಪ್ರೊಪೋಲಿಸ್ ಕಾಟ ಇರಬೇಕು. ಪೆಟ್ಟಿಗೆಯೊಳಗಿನ ಫ್ರೇಮುಗಳ (ಎರಿ ಕಟ್ಟುವ ಚೌಕಟ್ಟುಗಳ) ಸಂದಿಗೆ ಹುಳ ಮೆತ್ತುವ ಆ ಕಂದು ಅಂಟು, ಮರದ ಮೊಗ್ಗು-ತೊಗಟೆಯ ರಾಳದಿಂದ ಆದದ್ದು. ತುಡುವೆ (ನಮ್ಮ ನಾಡಿನ ಜೇನು) ಬಿಟ್ಟು ಮೆಲ್ಲಿಫೆರಾ (ಹೊರದೇಶದಿಂದ ತಂದ ಜೇನು) ಸಾಕಲು ಶುರು ಮಾಡಿದ ಮೇಲೆ ಹೀಗಾಯಿತು ಅಂದಿದ್ದೀರಲ್ಲ, ಅದೇ ದೊಡ್ಡ ಸುಳಿವು. ತುಡುವೆ ಈ ಅಂಟಿನ ಗೋಜಿಗೇ ಹೋಗುವುದಿಲ್ಲ. ಮೆಲ್ಲಿಫೆರಾಗೆ ಸಣ್ಣ ಬಿರುಕು ಕಂಡರೂ ಸಾಕು, ಮೆತ್ತಿಬಿಡುತ್ತದೆ!

ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿ. ಅಲರ್ಜಿ ತರಬಹುದಾದ ವಸ್ತುಗಳನ್ನು ಪಟ್ಟಿಯಲ್ಲಿಟ್ಟು ಬೆನ್ನಿಗೆ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು, ಮತ್ತೆ ಒಂದೆರಡು ದಿನ ಕಳೆದು ನೋಡುತ್ತಾರೆ. ಜೇನು ಸಾಕುತ್ತೇನೆ ಅಂತ ಮೊದಲೇ ಹೇಳಿ. ವಿಷದ ಅಲರ್ಜಿಗೆ ಮಾಡುವ ರಕ್ತ ಪರೀಕ್ಷೆಯಲ್ಲಿ ಈ ಪ್ರೊಪೋಲಿಸ್ ಅಲರ್ಜಿ ಸಿಗುವುದಿಲ್ಲ, ಸುಮ್ನೆ ದುಡ್ಡು ದಂಡ.

ಅಲ್ಲಿಯವರೆಗೆ ನೈಟ್ರೈಲ್ (ಕೃತಕ ರಬ್ಬರಿನ) ಗ್ಲೌಸ್ ಹಾಕಿ, ಕೆಲಸ ಮುಗಿದ ಕೂಡಲೇ ಬಿಸಾಡಿ. ಹಳೆಯ ಚರ್ಮದ ಗ್ಲೌಸಿಗೆ ಅಂಟು ಹಿಡಿದಿರುತ್ತದೆ, ಅದರಿಂದಲೇ ತುರಿಕೆ ಜಾಸ್ತಿಯಾಗಬಹುದು. ಪೆಟ್ಟಿಗೆ ಕೆರೆಯುವ ಕೆಲಸ ಬೆಳಗಿನ ತಂಪಿನಲ್ಲೇ ಆಗಲಿ. ಆಗ ಅಂಟು ಗಟ್ಟಿಯಾಗಿ ಚೂರು ಚೂರಾಗಿ ಉದುರುತ್ತದೆ. ಮತ್ತೆ, ಪ್ರೊಪೋಲಿಸ್ ಹಾಕಿದ ಮುಲಾಮು, ಟೂತ್‌ಪೇಸ್ಟ್ ಯಾರಾದರೂ ಕೊಟ್ಟರೆ ಖಂಡಿತ ಬೇಡ ಅನ್ನಿ.